ಐರ್ಲೆಂಡಿನ ಒಂದು ಸಣ್ಣ ಹಳ್ಳಿ ನೋಡಬೇಕು, ಕಾಂಗ್‌ಗೆ ಹೋಗಬಹುದಾ?

ಶರಾವತಿ
ಎಲ್ಲರಿಗೂ ನಮಸ್ಕಾರ. ನಾನು ಡಬ್ಲಿನ್‌ನಲ್ಲಿ ಇರುವವಳು. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಸಾಗರದಿಂದ ಬರುತ್ತಿದ್ದಾರೆ. ಅಪ್ಪನಿಗೆ ಊರುಗಳ ಹಳೇ ಕಥೆ ಅಂದ್ರೆ ಪ್ರಾಣ. "ದೊಡ್ಡ ದೊಡ್ಡ ಕಟ್ಟಡ ಬೇಡಮ್ಮ, ಒಂದು ಹಳ್ಳಿ ತೋರಿಸು, ಅಲ್ಲಿ ಜನ ಹೇಗೆ ಬದುಕಿದ್ರು ಅಂತ ಗೊತ್ತಾಗಬೇಕು" ಅಂತ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ.

ಮೇಯೊ ಕೌಂಟಿಯ ಕಾಂಗ್ ಅನ್ನೋ ಹಳ್ಳಿ ಚೆನ್ನಾಗಿದೆ ಅಂತ ಆಫೀಸಿನಲ್ಲಿ ಹೇಳಿದರು. ಹುಡುಕಿದರೆ ಬರೀ ಸಿನಿಮಾ ಶೂಟಿಂಗ್ ಜಾಗ ಮತ್ತೆ ಒಂದು ಕೋಟೆ ಹೋಟೆಲಿನ ಫೋಟೋಗಳೇ ಬರುತ್ತವೆ. ಅಪ್ಪನಂಥವರಿಗೆ ಅಲ್ಲಿ ಏನಾದರೂ ಇದೆಯಾ? ಹೋಗಿಬಂದವರು ಹೇಳಿ, ಪ್ಲೀಸ್.

ಗಾಲ್ವೆವಾಸಿ
ಧೈರ್ಯವಾಗಿ ಕರೆದುಕೊಂಡು ಹೋಗಿ. ಗಾಲ್ವೆಯಿಂದ ಕಾಂಗ್ ಒಂದು ಗಂಟೆಯೊಳಗಿನ ದಾರಿ. ಊರಿನಿಂದ ಯಾರೇ ಬಂದರೂ ನಾನು ಮೊದಲು ಅಲ್ಲಿಗೇ ಕರೆದೊಯ್ಯುವುದು.

ಸಿನಿಮಾ ವಿಷಯ ಮೊದಲು ಮುಗಿಸಿಬಿಡುತ್ತೇನೆ. 1951ರ ಬೇಸಿಗೆಯಲ್ಲಿ ನಿರ್ದೇಶಕ ಜಾನ್ ಫೋರ್ಡ್ ಅಲ್ಲಿ "ದಿ ಕ್ವಯಟ್ ಮ್ಯಾನ್" ಸಿನಿಮಾದ ಶೂಟಿಂಗ್ ಮಾಡಿದ. ಜಾನ್ ವೇನ್, ಮೌರೀನ್ ಒಹಾರಾ ನಟಿಸಿದ್ದರು. ಊರಿನಲ್ಲಿ ಅವರಿಬ್ಬರ ಪ್ರತಿಮೆ ಇದೆ. ಬಸ್ಸಿನಲ್ಲಿ ಬಂದ ಪ್ರವಾಸಿಗಳು ಅದರ ಮುಂದೆ ಫೋಟೋ ತೆಗೆಸಿಕೊಂಡು, ಐಸ್‌ಕ್ರೀಂ ತಿಂದು ಹೋಗಿಬಿಡುತ್ತಾರೆ. ನಿಜವಾದ ಊರು ಅಲ್ಲಿಂದ ಇನ್ನೂರು ಹೆಜ್ಜೆಯ ಆಚೆ ಇದೆ. ಅವರು ಅಷ್ಟು ದೂರ ಬರುವುದೇ ಇಲ್ಲ. ನನಗೆ ಇದು ಪ್ರತಿಸಲವೂ ಬೇಜಾರು.

ಬೀದಿಯ ಕೊನೆಯಲ್ಲೇ ಆಗಸ್ಟಿನಿಯನ್ ಸನ್ಯಾಸಿಗಳ ಮಠದ ಅವಶೇಷ ಇದೆ. 7ನೇ ಶತಮಾನದಲ್ಲಿ ಸಂತ ಫೆಹಿನ್ ಹೆಸರಿನಲ್ಲಿ ಶುರುವಾದ ಜಾಗ ಅದು. 12ನೇ ಶತಮಾನದಲ್ಲಿ ಪಶ್ಚಿಮ ಐರ್ಲೆಂಡಿನ ಕೊನಾಕ್ಟ್‌ನ ರಾಜ ಟರ್ಲಾಕ್ ಒಕಾನರ್ ಮತ್ತೆ ಕಟ್ಟಿಸಿದ. ಅವನ ಮಗ ರೋರಿ ಒಕಾನರ್‌ನನ್ನು ಐರ್ಲೆಂಡಿನ ಕೊನೆಯ ಮಹಾರಾಜ ಅಂತ ಇಲ್ಲಿನವರು ಹೇಳುತ್ತಾರೆ. 1169ರಲ್ಲಿ ನಾರ್ಮನ್ನರು ಬಂದಿಳಿದಾಗ ಪಟ್ಟದಲ್ಲಿ ಇದ್ದವನು ಅವನೇ. 1175ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಜೊತೆ ಒಪ್ಪಂದ ಮಾಡಿಕೊಂಡ, ಅದು ಉಳಿಯಲಿಲ್ಲ. ಕೊನೆಗೆ ಪಟ್ಟ ಬಿಟ್ಟು ಈ ಮಠಕ್ಕೆ ಬಂದು ಇದ್ದು, 1198ರಲ್ಲಿ ಇಲ್ಲೇ ತೀರಿಕೊಂಡ. ಮಠದ ಬಾಗಿಲುಗಳ ಕೆತ್ತನೆಯನ್ನು ಹತ್ತಿರ ಹೋಗಿ ನೋಡಿ. ಕಮಾನಿನ ಕೆಳಗಿನ ಕಂಬದ ತಲೆಯಲ್ಲಿ ಎಲೆಬಳ್ಳಿ ಎಷ್ಟು ಚೂಪಾಗಿ ಉಳಿದಿದೆ ಅಂದರೆ ಬೆರಳಿಟ್ಟು ಸವರಬೇಕು ಅನಿಸುತ್ತದೆ. 1860ರ ದಶಕದಲ್ಲಿ ಬಿಯರ್ ತಯಾರಿಸುವ ಗಿನ್ನೆಸ್ ಮನೆತನದವರು ದುಡ್ಡು ಕೊಟ್ಟು ದುರಸ್ತಿ ಮಾಡಿಸಿದ್ದರಿಂದ ಹೊಸ ಕಲ್ಲೂ ಬೆರೆತಿದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಹುಡುಕುವುದೇ ಅಪ್ಪನಿಗೆ ಒಂದು ಗಂಟೆಯ ಕೆಲಸ.

ನೀಲಿಕೊಡೆ
ನಾನು ಕ್ಯಾಸಲ್‌ಬಾರ್‌ನಲ್ಲಿ ನರ್ಸ್. ರಜಾ ದಿನ ಸುಮ್ನೆ ಕಾಂಗ್‌ಗೆ ಹೋಗಿ ಕೂತು ಬರುತ್ತೇನೆ. ಶರಾವತಿ, ಅಮ್ಮನ ಬಗ್ಗೆ ಚಿಂತೆ ಬೇಡ. ಮಠದಿಂದ ಹೊಳೆಯವರೆಗೆ ಸಮತಟ್ಟು ದಾರಿ. ಹುಲ್ಲು ಒದ್ದೆ ಇದ್ದರೆ ಜಾರುತ್ತದೆ, ಒಳ್ಳೇ ಶೂ ಹಾಕಿಸಿ. ಸೀರೆ ಉಡುವವರಾದರೆ ಆವತ್ತು ಒಂದು ದಿನ ಚೂಡಿದಾರ ಹಾಕಿಕೊಳ್ಳಲಿ.

ಅಮ್ಮನಿಗೆ ಖಂಡಿತ ಇಷ್ಟವಾಗೋದು ಸನ್ಯಾಸಿಗಳ ಮೀನುಮನೆ. ಹೊಳೆಯ ಮೇಲೆ ಸಣ್ಣ ಕಮಾನು ಕಟ್ಟಿ, ಅದರ ಮೇಲೆ ಒಂದೇ ಕೋಣೆಯ ಕಲ್ಲುಮನೆ ಕಟ್ಟಿದ್ದಾರೆ. 15–16ನೇ ಶತಮಾನದ್ದು ಅಂತಾರೆ. ನೆಲದಲ್ಲಿ ಒಂದು ಕಿಂಡಿ ಇದೆ. ಅದರಿಂದ ಬಲೆ ನೀರಿಗೆ ಬಿಡುತ್ತಿದ್ದರು. ಪಕ್ಕದಲ್ಲೇ ಬೆಂಕಿಗೂಡು, ಚಳಿಯಲ್ಲಿ ಮೈ ಕಾಯಿಸಿಕೊಳ್ಳೋಕೆ. ಮೀನು ಬಿದ್ದ ಕೂಡಲೇ ಅಲ್ಲಿಂದ ಮಠದ ಅಡುಗೆಮನೆಗೆ ಕಟ್ಟಿದ ಹಗ್ಗ ಎಳೆದು ಗಂಟೆ ಬಾರಿಸುತ್ತಿದ್ದರಂತೆ. ಅಲ್ಲಿ ಒಲೆ ಹೊತ್ತಿಸೋಕೆ! ಈಗ ಸೂರು ಇಲ್ಲ, ಗೋಡೆ ಗಟ್ಟಿಯಾಗಿದೆ. ಕಿಂಡಿಯಲ್ಲಿ ಬಗ್ಗಿ ನೋಡಿದರೆ ಕೆಳಗೆ ನೀರು ಸಳಸಳ ಹರಿಯೋದು ಕಾಣುತ್ತೆ. ನಾವೆಲ್ಲ ಶಾಖಾಹಾರಿಗಳು, ಆದರೂ ನಮ್ಮತ್ತೆ ಅಲ್ಲಿಂದ ಎದ್ದು ಬರೋಕೇ ಒಪ್ಪಲಿಲ್ಲ.

ಕಲ್ಲುಬಂಡೆ
ಭೂವಿಜ್ಞಾನ ಓದಿದವನಾಗಿ ಒಂದು ಮಾತು ಸೇರಿಸುತ್ತೇನೆ. ಆ ಹೊಳೆ ಎಲ್ಲಿಂದ ಬರುತ್ತದೆ ಅಂತ ನೋಡದೆ ಬರಬೇಡಿ. ಕಾಂಗ್ ಇರುವುದು ಎರಡು ದೊಡ್ಡ ಸರೋವರಗಳ ನಡುವಿನ ಸಣ್ಣ ಪಟ್ಟಿಯ ಮೇಲೆ. ಉತ್ತರಕ್ಕೆ ಮಾಸ್ಕ್ ಸರೋವರ, ದಕ್ಷಿಣಕ್ಕೆ ಕೊರಿಬ್. ಮಾಸ್ಕ್ ಸರೋವರ ಮೇಲಿದೆ. ಅದರ ನೀರು ಕೊರಿಬ್‌ಗೆ ಹೋಗುತ್ತದೆ, ಆದರೆ ಮೇಲೆ ಹರಿಯುವ ನದಿಯಾಗಿ ಅಲ್ಲ. ಸುಣ್ಣದಕಲ್ಲಿನ ಸಂದುಗಳಲ್ಲಿ, ಗುಹೆಗಳಲ್ಲಿ ನೆಲದಡಿ ಹರಿದು ಕಾಂಗ್ ಹತ್ತಿರ ಬುಗ್ಗೆಯಾಗಿ ಮೇಲೆ ಏಳುತ್ತದೆ. ಆ ಬುಗ್ಗೆಗಳೇ ಕಾಂಗ್ ಹೊಳೆ. ಅದೂ ಉದ್ದ ಇಲ್ಲ, ಸ್ವಲ್ಪ ದೂರಕ್ಕೇ ಕೊರಿಬ್ ಸೇರಿಬಿಡುತ್ತದೆ.

ಈಗ ನನ್ನ ಪ್ರಕಾರ ಊರಿನ ಅತಿ ಮುಖ್ಯ ಜಾಗ. ಒಣಕಾಲುವೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಮಹಾಕ್ಷಾಮ ಶುರುವಾಯಿತಲ್ಲ, ಆ ಕಷ್ಟಕಾಲದಲ್ಲೇ, 1848ರಲ್ಲಿ, ಎರಡು ಸರೋವರಗಳನ್ನು ಸೇರಿಸುವ ಕಾಲುವೆ ತೋಡಲು ಸರ್ಕಾರ ಕೆಲಸ ಶುರುಮಾಡಿತು. ದೋಣಿ ಓಡಬೇಕು, ನೀರು ಬಸಿಯಬೇಕು, ಜೊತೆಗೆ ಹಸಿದವರಿಗೆ ಕೂಲಿಯೂ ಸಿಗಬೇಕು. ಬಂಡೆ ಒಡೆದು, ಎರಡೂ ಕಡೆ ಕಲ್ಲಿನ ಗೋಡೆ ಎಬ್ಬಿಸಿ, ದೋಣಿ ಏರಿಸಿ ಇಳಿಸುವ ಲಾಕ್‌ಗಳನ್ನೂ ಕಟ್ಟಿದರು. 1854ರಲ್ಲಿ ಕೆಲಸ ನಿಂತಿತು. ಇವತ್ತಿಗೂ ಒಂದು ದೋಣಿ ಅದರಲ್ಲಿ ಓಡಿಲ್ಲ. ಮಳೆಗಾಲದಲ್ಲಿ ನೀರು ಇರುತ್ತದೆ, ಬೇಸಿಗೆಯಲ್ಲಿ ನೆಲ ಕುಡಿದುಬಿಡುತ್ತದೆ.

ಹುಬ್ಳಿಮಂದಿ
ಕಲ್ಲುಬಂಡೆ ಸರ್, ಅಲ್ಲಿನ ಪಬ್‌ನಲ್ಲಿ ಕೇಳಿದ್ದು ಬೇರೆ ಕಥೆ ರೀ. "ಇಂಗ್ಲಿಷ್ ಎಂಜಿನಿಯರಿಗೆ ಕಲ್ಲಿನ ಗುಣ ಗೊತ್ತಿರಲಿಲ್ಲ. ಉದ್ಘಾಟನೆ ದಿನ ನೀರು ಬಿಟ್ಟರು, ಎಲ್ಲರ ಕಣ್ಣೆದುರಿಗೇ ತೂತಿನೊಳಗೆ ಇಳಿದುಹೋಯಿತು" ಅಂತ. ಅದು ನಿಜ ಇಲ್ಲೇನ್ರೀ?

ಕಲ್ಲುಬಂಡೆ
ಆ ಕಥೆ ಬಹಳ ಜನಪ್ರಿಯ. ಆದರೆ ನೀರು ಸೋರುವ ಕಲ್ಲು ಅಂತ ಎಂಜಿನಿಯರುಗಳಿಗೆ ಗೊತ್ತೇ ಇತ್ತು. ಸೋರದ ಹಾಗೆ ತಳ ಕಟ್ಟುವ ಯೋಜನೆಯೂ ಇತ್ತು. ಅಷ್ಟರಲ್ಲಿ ಖರ್ಚು ಅಂದಾಜು ಮೀರಿ ಹೋಗಿತ್ತು. ರೈಲು ಬರುತ್ತಿತ್ತು, ದೋಣಿ ಸಾಗಾಟದ ಮೇಲೆ ದುಡ್ಡು ಹಾಕೋದು ಯಾರಿಗೂ ಬೇಡವಾಯಿತು. ಕಲ್ಲೂ ಕೈಕೊಟ್ಟಿತು, ಕಾಸೂ ಕೈಕೊಟ್ಟಿತು.

ನನಗೆ ಎಂಜಿನಿಯರ್ ಕಥೆಗಿಂತ ಅಲ್ಲಿ ಕೆಲಸ ಮಾಡಿದ ಕೂಲಿಗಳ ಕಥೆ ಮುಖ್ಯ. ಮೇಯೊ ಕೌಂಟಿಯಲ್ಲಿ 1841ರಲ್ಲಿ ಸುಮಾರು 3.89 ಲಕ್ಷ ಜನ ಇದ್ದರು. 1851ರ ಜನಗಣತಿಗೆ ಅದು 2.74 ಲಕ್ಷಕ್ಕೆ ಇಳಿದಿತ್ತು. ಸತ್ತವರು, ಹಡಗು ಹತ್ತಿದವರು. ಆ ಹತ್ತು ವರ್ಷಗಳ ಕೊನೆಗೆ ಉಳಿದವರು ತೋಡಿದ ಕಾಲುವೆ ಅದು. ಲಾಕ್‌ನ ಮೂಲೆಯ ಕಲ್ಲುಗಳನ್ನು ನೋಡಿ. ಮರದ ಬಾಗಿಲು ತಿರುಗಲು ಅಂತ ಅರೆವೃತ್ತದ ತೋಡು ಕೊರೆದು ನುಣ್ಣಗೆ ಮಾಡಿದ್ದಾರೆ. ಬಾಗಿಲೇ ಬರಲಿಲ್ಲ. ಅರ್ಧ ಹೊಟ್ಟೆಯಲ್ಲಿದ್ದವರ ಕೆಲಸದಲ್ಲಿ ಇಷ್ಟು ಅಚ್ಚುಕಟ್ಟು ಹೇಗೆ ಬಂತು ಅಂತ ನಾನು ಪ್ರತಿ ಸಲ ನಿಂತು ನೋಡುತ್ತೇನೆ.

ಶರಾವತಿ
ಇದು ಅಪ್ಪನಿಗೆ ಹೇಳಿ ಮಾಡಿಸಿದ ಜಾಗ. ಎಲ್ಲರಿಗೂ ಥ್ಯಾಂಕ್ಸ್! ಇನ್ನೊಂದು ಪ್ರಶ್ನೆ. ಬಾಯ್ಕಾಟ್ ಎಂಬುವನ ಮನೆ ಅಲ್ಲೇ ಹತ್ತಿರ ಎಂದು ಎಲ್ಲೋ ಓದಿದೆ. ನಿಜವಾ?

ಮೇಷ್ಟ್ರು_ಹಾಸನ
ನಿಜ ಮಗಳೇ. ನಾನು ನಿವೃತ್ತ ಇತಿಹಾಸ ಮೇಷ್ಟ್ರು. ಮಗನ ಮನೆಗೆ ಹೋಗಿದ್ದಾಗ ಆ ಕಡೆಯೆಲ್ಲ ಸುತ್ತಿದ್ದೇನೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ 1832ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹುಟ್ಟಿದವನು. ಮೊದಲು ಅಕಿಲ್ ದ್ವೀಪದಲ್ಲಿ ಇದ್ದ. ಆಮೇಲೆ ಮಾಸ್ಕ್ ಸರೋವರದ ದಂಡೆಯ ಮನೆಗೆ ಬಂದು ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟನಾದ. ಗೇಣಿ ವಸೂಲಿ ಅವನ ಕೆಲಸ. ಜಮೀನ್ದಾರ ಇದ್ದದ್ದು ದೂರದ ಫರ್ಮಾನಾ ಕೌಂಟಿಯಲ್ಲಿ. 1879ರಲ್ಲಿ ಬೆಳೆ ಹಾಳಾಗಿ ಮತ್ತೆ ಕ್ಷಾಮದ ಭಯ ಬಂತು. ಅದೇ ವರ್ಷ ಮೈಕೆಲ್ ಡೇವಿಟ್ ಇದೇ ಮೇಯೊದ ಕ್ಯಾಸಲ್‌ಬಾರ್‌ನಲ್ಲಿ ರೈತರ ಸಂಘ ಕಟ್ಟಿದ. ಅದು ಬೇಗನೇ ಇಡೀ ದೇಶದ ಲ್ಯಾಂಡ್ ಲೀಗ್ ಆಯಿತು. ಡೇವಿಟ್‌ನ ಮನೆಯವರನ್ನು ಅವನು ಪುಟ್ಟ ಮಗುವಾಗಿದ್ದಾಗಲೇ ಜಮೀನಿನಿಂದ ಎಬ್ಬಿಸಿದ್ದರು. ಇಂಗ್ಲೆಂಡಿಗೆ ವಲಸೆ ಹೋಗಿ, ಹನ್ನೊಂದನೇ ವಯಸ್ಸಿಗೆ ಹತ್ತಿ ಗಿರಣಿಯಲ್ಲಿ ಒಂದು ಕೈ ಕಳೆದುಕೊಂಡವನು ಅವನು.

1880ರಲ್ಲಿ ಅರ್ನ್‌ನ ಗೇಣಿದಾರರು ಶೇಕಡ 25 ಗೇಣಿ ಇಳಿಸಿ ಅಂದರು. ಅವನು ಶೇಕಡ 10ಕ್ಕೆ ಮಾತ್ರ ಒಪ್ಪಿದ. ಸೆಪ್ಟೆಂಬರ್‌ನಲ್ಲಿ ಒಕ್ಕಲೆಬ್ಬಿಸುವ ನೋಟಿಸ್ ಕೊಡಲು ಬಂದವನನ್ನು ಊರಿನ ಹೆಂಗಸರೇ ಕಲ್ಲು, ಕೆಸರು ಎಸೆದು ಓಡಿಸಿದರು. ಮರುದಿನದಿಂದ ಬಾಯ್ಕಾಟ್‌ನ ಹೊಲಕ್ಕೆ ಆಳು ಬರಲಿಲ್ಲ. ಮನೆಗೆಲಸದವರು ಬಿಟ್ಟುಹೋದರು. ಕಮ್ಮಾರ ಲಾಳ ಕಟ್ಟಲಿಲ್ಲ. ಬಾಲಿನ್‌ರೋಬ್ ಪೇಟೆಯ ಅಂಗಡಿಗಳು ಸಾಮಾನು ಕೊಡಲಿಲ್ಲ. ಕಾಗದಪತ್ರ ಮುಟ್ಟಿಸುವವರೂ ಇರಲಿಲ್ಲ. ಅವನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ದೂರು ಬರೆದ. ನವೆಂಬರ್‌ನಲ್ಲಿ ಕ್ಯಾವನ್, ಮೊನಾಗನ್ ಕೌಂಟಿಗಳಿಂದ 50 ಜನ ಸ್ವಯಂಸೇವಕರು ಅವನ ಬೆಳೆ ಕೀಳಲು ಬಂದರು. ಕ್ಲೇರ್‌ಮಾರಿಸ್‌ನಲ್ಲಿ ರೈಲಿಳಿದು ಮಳೆಯಲ್ಲಿ ಬಾಲಿನ್‌ರೋಬ್‌ಗೆ ನಡೆದರು. ಅವರ ಕಾವಲಿಗೆ ನೂರಾರು ಸೈನಿಕರು, ಪೊಲೀಸರು. ಸುಮಾರು 500 ಪೌಂಡ್ ಬೆಲೆಯ ಆಲೂಗಡ್ಡೆ, ಟರ್ನಿಪ್ ಕೀಳಲು ಖರ್ಚಾದದ್ದು ಸುಮಾರು 10,000 ಪೌಂಡ್! ಡಿಸೆಂಬರ್ ಹೊತ್ತಿಗೆ ಬಾಯ್ಕಾಟ್ ಊರು ಬಿಟ್ಟ. ಪಕ್ಕದ ನೀಲ್ ಹಳ್ಳಿಯ ಪಾದ್ರಿ ಜಾನ್ ಒಮಾಲಿ ಈ ಹೋರಾಟಕ್ಕೆ ಅವನ ಹೆಸರನ್ನೇ ಇಡೋಣ ಅಂದರಂತೆ. 1905ರಲ್ಲಿ ಬಂಗಾಳದ ವಿಭಜನೆ ವಿರೋಧಿಸಿ ನಮ್ಮವರು ವಿದೇಶಿ ಬಟ್ಟೆ ಬಿಟ್ಟಾಗ ಅದೇ ಹೆಸರು ಬಳಸಿದರು.

ನಿಮ್ಮ ತಂದೆ ಸಾಗರದವರು ಅಂದಿರಿ. ಹಾಗಾದರೆ 1951ರ ಕಾಗೋಡು ಸತ್ಯಾಗ್ರಹ ಅವರಿಗೆ ಬಾಯಿಪಾಠ ಇರುತ್ತದೆ. ಗೇಣಿಯ ಸಂಕಟ ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಕೆಂಪುಮಣ್ಣು
ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಓದುವಾಗ ನನಗೆ ಒಂದು ಕಡೆ ಹೊಟ್ಟೆ ಹಿಂಡಿತು. ಅಂಗಡಿಯಲ್ಲಿ ಸಾಮಾನು ಕೊಡಬೇಡಿ, ಮಾತಾಡಿಸಬೇಡಿ, ಕೆಲಸಕ್ಕೆ ಹೋಗಬೇಡಿ. ನಮ್ಮ ಹಳ್ಳಿಗಳಲ್ಲಿ ಇದನ್ನು ಅನುಭವಿಸಿದವರು ದಲಿತ ಕುಟುಂಬಗಳು, ಜಾತಿ ಮೀರಿ ಮದುವೆಯಾದವರು. ನನ್ನ ಅಜ್ಜಿಗೆ ಬಾವಿಯ ನೀರು ಬಂದ್ ಮಾಡಿದ್ದರು. ಹಾಗಾಗಿ ಇದನ್ನು ಹಬ್ಬದ ಹಾಗೆ ಹೇಳೋದನ್ನು ಕೇಳೋಕೆ ನನಗೆ ಕಷ್ಟ.

ಮೇಷ್ಟ್ರು_ಹಾಸನ
ನಿಮ್ಮ ಮಾತು ತೂಕದ್ದು. ಅಜ್ಜಿಯ ವಿಷಯ ಓದಿ ನೋವಾಯಿತು. ನಾನು ನೋಡುವುದು ಯಾರು ಯಾರ ಮೇಲೆ ಮಾಡಿದರು ಅಂತ. ಮೇಯೊದಲ್ಲಿ ಹೊಲ ಇಲ್ಲದವರು, ಹೊಲ ಕಿತ್ತುಕೊಳ್ಳುವ ಅಧಿಕಾರ ಇದ್ದವನ ಕೆಲಸಕ್ಕೆ ಹೋಗಲಿಲ್ಲ. ಅವನ ಬೆನ್ನಿಗೆ ಸರ್ಕಾರ, ಸೈನ್ಯ ಎರಡೂ ಇತ್ತು. ನಮ್ಮಲ್ಲಿ ನಡೆದದ್ದು ಉಲ್ಟಾ.

ಗಾಲ್ವೆವಾಸಿ
ಮೇಷ್ಟ್ರು ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ. ಕೆಂಪುಮಣ್ಣು ಅವರ ಸಂಕಟಕ್ಕೆ ಐರ್ಲೆಂಡಿನಲ್ಲೂ ಕಾರಣ ಇದೆ. 1880ರ ಸೆಪ್ಟೆಂಬರ್ 19ರಂದು ಎನಿಸ್ ಪೇಟೆಯಲ್ಲಿ ಲ್ಯಾಂಡ್ ಲೀಗಿನ ನಾಯಕ ಪಾರ್ನೆಲ್ ಮಾಡಿದ ಭಾಷಣವನ್ನು ನೋಡಿ. ಅವನು ದೂರ ಇಡಿ ಅಂದದ್ದು ಏಜೆಂಟನನ್ನಲ್ಲ. ಒಬ್ಬನನ್ನು ಒಕ್ಕಲೆಬ್ಬಿಸಿದ ಹೊಲವನ್ನು ಗೇಣಿಗೆ ಹಿಡಿಯುವ ಇನ್ನೊಬ್ಬ ರೈತನನ್ನು. ಹಳೇ ಕಾಲದ ಕುಷ್ಠರೋಗಿಯ ಹಾಗೆ ಅವನನ್ನು ಒಂಟಿ ಮಾಡಿ ಅಂದ. ಆ ರೈತನೂ ಬಡವನೇ ಇರಬಹುದು, ಅಲ್ವಾ? ಹೀಗೆ ನೆರೆಹೊರೆಯವರೇ ಒಬ್ಬರನ್ನೊಬ್ಬರು ಹಿಂಡಿದ ಕಥೆಗಳೂ ಇಲ್ಲಿ ಇವೆ.

ಆ ವರ್ಷಗಳು ರಕ್ತವನ್ನೂ ಕಂಡವು. ಅದೇ ಸೆಪ್ಟೆಂಬರ್‌ನಲ್ಲಿ ಕಾಂಗ್ ಪಕ್ಕದ ಕ್ಲಾನ್‌ಬರ್ ಹತ್ತಿರ ಜಮೀನ್ದಾರ ಲಾರ್ಡ್ ಮೌಂಟ್‌ಮಾರಿಸ್‌ನನ್ನು ಗುಂಡಿಟ್ಟು ಕೊಂದರು. 1882ರ ಜನವರಿಯಲ್ಲಿ ನೋಟಿಸ್ ಕೊಡಲು ಹೋದ ಮುದುಕ ಮತ್ತು ಅವನ ಮೊಮ್ಮಗನನ್ನು ಕೊಂದು ಮಾಸ್ಕ್ ಸರೋವರಕ್ಕೆ ಎಸೆದರು. ಮೊಮ್ಮಗ ಏನು ಮಾಡಿದ್ದ? ಹೋರಾಟ ನ್ಯಾಯದ್ದೇ ಆಗಿತ್ತು ಅಂತ ನಾನು ನಂಬುತ್ತೇನೆ. ಆ ಹುಡುಗನ ಸಾವಿಗೆ ಅದರಲ್ಲಿ ಸಮಾಧಾನ ಹುಡುಕೋಕೆ ನನ್ನಿಂದ ಆಗಲ್ಲ.

ಕೆಂಪುಮಣ್ಣು
ಇಷ್ಟು ನೇರವಾಗಿ ಹೇಳಿದ್ದು ಒಳ್ಳೇದಾಯಿತು. ಹೀಗೆ ಹೇಳಿದರೆ ನನಗೂ ಹೋಗಿ ನೋಡಬೇಕು ಅನಿಸುತ್ತೆ.

ನೀಲಿಕೊಡೆ
ಅದೇ ವರ್ಷದ ಮಾಮ್‌ಟ್ರಾಸ್ನಾ ಕೇಸ್ ಯಾರೂ ಹೇಳಲಿಲ್ಲ. ನನ್ನ ಜೊತೆ ಕೆಲಸ ಮಾಡೋ ಒಬ್ಬ ಹಿರಿಯ ನರ್ಸ್ ಹೇಳಿದ್ದು, ಆಮೇಲೆ ನಾನೂ ಓದಿದೆ. 1882ರ ಆಗಸ್ಟ್‌ನಲ್ಲಿ ಮಾಸ್ಕ್ ಸರೋವರದ ಆಚೆ ಗುಡ್ಡದ ಮನೆಯೊಂದರಲ್ಲಿ ಒಂದೇ ಕುಟುಂಬದ ಐವರನ್ನು ಕೊಂದರು. ಮೂವರಿಗೆ ಗಲ್ಲು ಆಯಿತು. ಅವರಲ್ಲಿ ಒಬ್ಬ ಮೈಲ್ಸ್ ಜಾಯ್ಸ್. ಅವನಿಗೆ ಐರಿಷ್ ಬಿಟ್ಟು ಬೇರೆ ಭಾಷೆ ಬರ್ತಿರಲಿಲ್ಲ. ವಿಚಾರಣೆ ನಡೆದದ್ದು ಡಬ್ಲಿನ್‌ನಲ್ಲಿ, ಇಂಗ್ಲಿಷಿನಲ್ಲಿ. ಗಲ್ಲಿಗೇರಿದ ಉಳಿದ ಇಬ್ಬರೂ ಅವನು ನಿರಪರಾಧಿ ಅಂದಿದ್ದರು. ಆದರೂ ಡಿಸೆಂಬರ್‌ನಲ್ಲಿ ಗಾಲ್ವೆ ಜೈಲಿನಲ್ಲಿ ನೇಣು ಹಾಕಿದರು. 2018ರಲ್ಲಿ ಅಧ್ಯಕ್ಷ ಮೈಕೆಲ್ ಡಿ. ಹಿಗಿನ್ಸ್ ಅವನಿಗೆ ಕ್ಷಮಾದಾನ ಕೊಟ್ಟರು. 136 ವರ್ಷ ಆದಮೇಲೆ! ಆ ಜೈಲಿದ್ದ ಜಾಗದಲ್ಲಿ ಈಗ ಗಾಲ್ವೆಯ ದೊಡ್ಡ ಕೆಥೆಡ್ರಲ್ ಇದೆ.

ಆಸ್ಪತ್ರೆಯಲ್ಲಿ ಭಾಷೆ ಬಾರದ ರೋಗಿ ಬಂದಾಗ ದುಭಾಷಿ ಬರೋವರೆಗೂ ನಾವು ಯಾವ ಕಾಗದಕ್ಕೂ ಸಹಿ ಹಾಕಿಸಲ್ಲ. ಆವತ್ತೆಲ್ಲ ನನಗೆ ಈ ಮನುಷ್ಯನ ನೆನಪು.

ಹುಬ್ಳಿಮಂದಿ
ಕಣ್ಣಾಗ ನೀರು ಬಂತು ರೀ ಮೇಡಂ. ಮೇಷ್ಟ್ರೇ, ಬಾಯ್ಕಾಟ್ ಮನೆ ಒಳಗೆ ಬಿಡ್ತಾರೇನು?

ಮೇಷ್ಟ್ರು_ಹಾಸನ
ಇಲ್ಲ, ಅದು ಖಾಸಗಿ ಮನೆ. ಗೇಟಿನ ಒಳಗೆ ಹೋಗಬೇಡಿ. ಅದರ ಬದಲು ನೀಲ್ ಹಳ್ಳಿಯಲ್ಲಿ ಇಳಿಯಿರಿ, ಕಾಂಗ್‌ನಿಂದ ಬಾಲಿನ್‌ರೋಬ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಅಲ್ಲಿ 18ನೇ ಶತಮಾನದ ಜಮೀನ್ದಾರನೊಬ್ಬ ಅಣ್ಣನ ನೆನಪಿಗೆ ಕಟ್ಟಿಸಿದ ಮೆಟ್ಟಿಲು ಮೆಟ್ಟಿಲಿನ ಕಲ್ಲಿನ ಪಿರಮಿಡ್ಡೂ ಇದೆ. ಸಮಯ ಇದ್ದರೆ ಕ್ಯಾಸಲ್‌ಬಾರ್ ಆಚೆ ಸ್ಟ್ರೇಡ್ ಹಳ್ಳಿಗೆ ಹೋಗಿ. ಡೇವಿಟ್ ಹುಟ್ಟಿದ ಊರು. ಹಳೇ ಚರ್ಚ್ ಒಂದರಲ್ಲಿ ಅವನ ವಸ್ತುಸಂಗ್ರಹಾಲಯ ಇದೆ.

ಗಾಲ್ವೆವಾಸಿ
ಈ ದೇಶದಲ್ಲಿ ಕಂಡ ಹೊಲದಲ್ಲೆಲ್ಲ ನಡೆಯುವ ಹಾಗಿಲ್ಲ, ಜಮೀನು ಖಾಸಗಿ. ಕಾಂಗ್ ಹತ್ತಿರ ಕಲ್ಲಿನ ವೃತ್ತಗಳಿವೆ, ಸಾವಿರಾರು ವರ್ಷ ಹಳೆಯವು, ಹೊಲಗಳ ಮಧ್ಯೆ. ಗೇಟು ದಾಟುವ ಮೊದಲು ಮನೆಯವರನ್ನು ಕೇಳಿ. ದಾಟಿದ ಮೇಲೆ ಗೇಟು ಹಾಕಿ, ದನ ಇರುತ್ತವೆ. ಆಸ್ಕರ್ ವೈಲ್ಡ್‌ನ ಅಪ್ಪ ವಿಲಿಯಂ ವೈಲ್ಡ್ ಡಬ್ಲಿನ್‌ನ ಕಣ್ಣಿನ ಡಾಕ್ಟರ್. ಕಾಂಗ್ ಪಕ್ಕದಲ್ಲೇ ಮನೆ ಕಟ್ಟಿಸಿಕೊಂಡು, ಐರಿಷ್ ಪುರಾಣದ ಮೊಯ್ಟುರಾ ಯುದ್ಧ ನಡೆದದ್ದು ಇಲ್ಲೇ ಅಂತ ಈ ಕಲ್ಲುಗಳನ್ನೆಲ್ಲ ಸುತ್ತಿ ಬರೆದಿಟ್ಟ.

ಕಾಡಿನೊಳಗೆ ಪಿಜನ್ ಹೋಲ್ ಅಂತ ಗುಹೆ ಇದೆ. ಕಲ್ಲಿನ ಮೆಟ್ಟಿಲು ಇಳಿದರೆ ನೆಲದಡಿಯ ಹೊಳೆ ಕೇಳಿಸುತ್ತದೆ. ಅಮ್ಮ ಮೇಲೇ ಕೂರಲಿ, ಮೆಟ್ಟಿಲು ಕಡಿದು, ಪಾಚಿ ಬೇರೆ. ಆ ನೀರಿನಲ್ಲಿ ಒಂದು ಬಿಳಿ ಟ್ರೌಟ್ ಮೀನಿದೆ, ಪ್ರಿಯಕರನನ್ನು ಕಳೆದುಕೊಂಡ ಹುಡುಗಿ ಅದು ಅಂತ ಊರವರು ಹೇಳುತ್ತಾರೆ. ಅದನ್ನು ಯಾರೂ ಹಿಡಿಯುವುದಿಲ್ಲ.

ಶರಾವತಿ
ಕೋಟೆ ಹೋಟೆಲ್ ಬಿಟ್ಟುಬಿಡಲಾ ಹಾಗಾದರೆ? ಮತ್ತೆ ಊಟಕ್ಕೆ ಏನು ಮಾಡೋದು?

ನೀಲಿಕೊಡೆ
ಆಶ್‌ಫರ್ಡ್ ಕೋಟೆ ಹೊರಗಿಂದ ನೋಡಿದರೆ ಸಾಕು. 1228ರಲ್ಲಿ ನಾರ್ಮನ್ ಡಿ ಬರ್ಗೊ ಮನೆತನ ಶುರುಮಾಡಿದ್ದು, 1852ರಲ್ಲಿ ಬೆಂಜಮಿನ್ ಲೀ ಗಿನ್ನೆಸ್ ಕೊಂಡುಕೊಂಡರು, 1939ರಿಂದ ಹೋಟೆಲ್. ತೋಟದೊಳಗೆ ಹೋಗೋಕೆ ಟಿಕೆಟ್ ಇರುತ್ತೆ.

ಊಟಕ್ಕೆ ತರಕಾರಿ ಸೂಪು, ಕಂದು ಬ್ರೆಡ್ಡು, ಬೆಣ್ಣೆ ಎಲ್ಲ ಕಡೆ ಸಿಗುತ್ತೆ. ಸೂಪಿಗೆ ಕೋಳಿಯ ನೀರು ಹಾಕಿದ್ದಾರಾ ಅಂತ ಕೇಳಿಯೇ ತಗೊಳ್ಳಿ. ಬೇಜಾರಿಲ್ಲದೆ ಹೇಳುತ್ತಾರೆ. ಚಿತ್ರಾನ್ನ ಕಟ್ಟಿಕೊಂಡು ಹೋದರೆ ಇನ್ನೂ ನಿಶ್ಚಿಂತೆ. ಹೊಳೆ ಪಕ್ಕ ಕೂತು ತಿನ್ನಬಹುದು. ಮಠದ ಒಳಗೆ ಮಾತ್ರ ಡಬ್ಬಿ ಬಿಚ್ಚಬೇಡಿ. ಅಲ್ಲಿ ಸಮಾಧಿಗಳಿವೆ, ಊರವರು ಹೂವಿಡಲು ಬರುತ್ತಿರುತ್ತಾರೆ.

ಕಲ್ಲುಬಂಡೆ
ಶರಾವತಿ ಅವರೇ, ನೀವು ಡಬ್ಲಿನ್‌ನಲ್ಲಿ ಇರುವುದರಿಂದ ಹೊರಡುವ ಮುನ್ನ ಒಂದು ಕೆಲಸ ಮಾಡಿ. ಕಿಲ್‌ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾಂಗ್‌ನ ಶಿಲುಬೆ ಇದೆ, ಪ್ರವೇಶ ಉಚಿತ. ಮಠ ಕಟ್ಟಿಸಿದ ಅದೇ ಟರ್ಲಾಕ್ ಒಕಾನರ್ 1123ರ ಸುಮಾರಿಗೆ ಮಾಡಿಸಿದ್ದು. ಓಕ್ ಮರದ ಮೇಲೆ ಕಂಚಿನ ತಗಡು, ಬಂಗಾರದ ತಂತಿ, ನಡುವೆ ಸ್ಫಟಿಕ. ಕೆಳಗೆ ಪ್ರಾಣಿಯ ತಲೆ ಇಡೀ ಶಿಲುಬೆಯನ್ನು ಬಾಯಲ್ಲಿ ಕಚ್ಚಿ ಹಿಡಿದಿದೆ. ಅಂಚಿನ ಬರಹದಲ್ಲಿ ರಾಜನ ಹೆಸರಿನ ಜೊತೆ ಅದನ್ನು ಮಾಡಿದ ಕುಶಲಕರ್ಮಿಯ ಹೆಸರೂ ಇದೆ. ಕಾಂಗ್‌ನ ಪಾದ್ರಿಗಳು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದಿದ್ದನ್ನು 1839ರಲ್ಲಿ ಗಣಿತದ ಪ್ರಾಧ್ಯಾಪಕ ಜೇಮ್ಸ್ ಮಕಲ್ಲಾ ಸ್ವಂತ ದುಡ್ಡು 100 ಗಿನಿ ಕೊಟ್ಟು ಕೊಂಡು ದೇಶಕ್ಕೆ ಕೊಟ್ಟುಬಿಟ್ಟರು. ಅದನ್ನು ನೋಡಿಯೇ ಮಠ ನೋಡಿದರೆ ಬೋಳು ಗೋಡೆಗಳ ನಡುವೆ ಏನಿತ್ತು ಅಂತ ಅಪ್ಪನಿಗೆ ತಿಳಿಯುತ್ತದೆ.

ಶರಾವತಿ
ಮಾಡುತ್ತೇನೆ. ಶನಿವಾರ ಮ್ಯೂಸಿಯಂ, ಮುಂದಿನ ವಾರ ಕಾಂಗ್. ಕಾರಿನಲ್ಲಿ ಗಾಲ್ವೆ ಮೇಲೆ ಬರೋದು ಒಳ್ಳೇದಾ, ಕ್ಲೇರ್‌ಮಾರಿಸ್ ಮೇಲೆ ಬರೋದಾ? ಕೆಂಪುಮಣ್ಣು ಅವರೇ, ನೀವೂ ಬರುತ್ತೀರಾದರೆ ಕಾರಿನಲ್ಲಿ ಒಂದು ಸೀಟಿದೆ, ಮೆಸೇಜ್ ಮಾಡಿ.

ಗಾಲ್ವೆವಾಸಿ
ಗಾಲ್ವೆ ಮೇಲೆ ಬನ್ನಿ. ದಾರಿಯಲ್ಲಿ ಹೆಡ್‌ಫರ್ಡ್ ಪೇಟೆ ಹತ್ತಿರ ರಾಸ್ ಎರಿಲಿ ಅಂತ ಫ್ರಾನ್ಸಿಸ್ಕನ್ ಸನ್ಯಾಸಿಗಳ ದೊಡ್ಡ ಮಠ ಇದೆ. ಅದರ ಅಡುಗೆಮನೆಯಲ್ಲಿ ಮೀನು ಜೀವಂತ ಇಡುವ ಕಲ್ಲಿನ ತೊಟ್ಟಿ ಇವತ್ತಿಗೂ ಇದೆ. ಅಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ವಾಪಸ್ ಹೋಗುವಾಗ ಬೇಕಿದ್ದರೆ ನೀಲ್, ಬಾಲಿನ್‌ರೋಬ್, ಕ್ಲೇರ್‌ಮಾರಿಸ್ ದಾರಿ ಹಿಡಿಯಿರಿ. ಆಗ 1880ರ ಆ 50 ಜನ ನಡೆದ ದಾರಿಯಲ್ಲೇ ಉಲ್ಟಾ ಹೋದಂತಾಯಿತು. ಬಸ್ಸು ನಂಬಿಕೊಂಡು ಬರಬೇಡಿ, ದಿನಕ್ಕೆ ಓಡೋದೇ ಕಡಿಮೆ.